ವಿದೇಶದಿಂದ ತಂದ ಆರ್‌ಸಿಸಿಬಿ ಹಾಕಿದರೆ ಟ್ರಿಪ್ ಆಗುವುದು ನಿಲ್ಲುತ್ತದೆಯೇ?

ಬೇಸಿಗೆ ಶುರುವಾಯಿತೆಂದರೆ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಸಂದೇಶ ತಪ್ಪದೆ ಬರುತ್ತದೆ. "ನಿಮ್ಮ ಮನೆಯ ಟ್ರಿಪ್ಪರ್ ಪದೇ ಪದೇ ಬೀಳುತ್ತಿದೆಯಾ? ಅದು ಕಳಪೆ ಮಾಲು. ಹೊರದೇಶದಲ್ಲಿರುವ ನಿಮ್ಮವರಿಗೆ ಹೇಳಿ ಅಲ್ಲಿಂದ ತರಿಸಿ. ಒಮ್ಮೆ ಹಾಕಿದರೆ ಮತ್ತೆ ಬೀಳುವುದಿಲ್ಲ, ಶಾಕ್ ಕೂಡ ಹೊಡೆಯುವುದಿಲ್ಲ. ಎಲ್ಲರಿಗೂ ಕಳಿಸಿ." ಈ ಸಂದೇಶದಲ್ಲಿರುವ ಒಂದು ಮಾತೂ ಸರಿಯಿಲ್ಲ. ಆದರೆ ನಂಬಿದವರಲ್ಲಿ ನಮ್ಮ ಮನೆಯವರೂ ಇದ್ದರು, ಹಾಗಾಗಿ ನಗುವ ಹಕ್ಕು ನನಗಿಲ್ಲ.

ಇಂಡಿ ತಾಲ್ಲೂಕಿನ ನಮ್ಮ ಊರಿನ ಮನೆಯಲ್ಲಿ ಈಗ ಅಪ್ಪ, ಅವ್ವ ಇಬ್ಬರೇ ಇರುತ್ತಾರೆ. ನಾನು ವಿಜಯಪುರದಲ್ಲಿ, ತಮ್ಮ ಮಸ್ಕತ್‌ನಲ್ಲಿ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಕಬ್ಬಿಣದ ಕೂಲರ್ ಹೊರಗೆ ಬಂತು. ಅವತ್ತಿನಿಂದಲೇ ಆರ್‌ಸಿಸಿಬಿ ಬೀಳತೊಡಗಿತು. ದಿನಕ್ಕೆ ಒಮ್ಮೆ, ಆಮೇಲೆ ಮೂರು ಸಲ. "ಮತ್ತ ಬಿತ್ತು ನೋಡವಾ. ಊರಿಗೆಲ್ಲ ಕರೆಂಟ್ ಐತಿ, ನಮ್ಮನ್ಯಾಗಷ್ಟ ಕತ್ತಲ" ಎಂದು ಅವ್ವನ ಫೋನು. ತಮ್ಮ ಅಲ್ಲಿಂದ ವಿಡಿಯೋ ಕಾಲ್ ಮಾಡಿ "ಮ್ಯಾಲಿಂದ ಎರಡನೇದ್ದು ಎತ್ತವಾ" ಎಂದು ಹೇಳಿಕೊಡುತ್ತಿದ್ದ. ಕೊನೆಗೆ ಪರಿಚಯದ ವೈಯರ್‌ಮನ್ ಒಬ್ಬರು ಬಂದು ನೋಡಿ, "ಇದನ್ನ ಡೈರೆಕ್ಟ್ ಮಾಡ್ತೀನ್ರಿ, ತ್ರಾಸ ಇರಂಗಿಲ್ಲ" ಎಂದು ಒಳಗಿನ ವೈರು, ಹೊರಗಿನ ವೈರು ಎರಡನ್ನೂ ಒಂದೇ ಕಡೆ ಸೇರಿಸಿ ಹೋದರು. ತ್ರಾಸ ಹೋಯಿತು. ಹನ್ನೊಂದು ದಿನ ಮನೆ ಹಾಗೆಯೇ ನಡೆಯಿತು. ಆ ಹನ್ನೊಂದು ದಿನವೂ ಅವ್ವ ಸಂಜೆ ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ಕೊಡದಿಂದ ಕೂಲರಿಗೆ ನೀರು ಹಾಕಿದ್ದಾಳೆ.

ರಜೆಗೆ ಬಂದ ತಮ್ಮ ಮಸ್ಕತ್‌ನಿಂದ ಹೊಸ ಆರ್‌ಸಿಸಿಬಿ ತಂದಿದ್ದ. ಅದನ್ನು ಕೂಡಿಸಿದ ಮೂರನೆಯ ದಿನ ಅದೂ ಬಿತ್ತು.

ಎಣಿಸುವುದಷ್ಟೇ ಅದರ ಕೆಲಸ

ಹಟ್ಟಿಯ ಬಾಗಿಲಲ್ಲಿ ನಿಂತ ಕುರುಬನನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಎಷ್ಟು ಕುರಿ ಹೊರಗೆ ಹೋದವು, ಸಂಜೆ ಎಷ್ಟು ಒಳಗೆ ಬಂದವು, ಇಷ್ಟೇ ಅವನ ಲೆಕ್ಕ. ನೂರು ಹೋಗಿ ನೂರು ಬಂದರೆ ಸುಮ್ಮನಿರುತ್ತಾನೆ. ನೂರು ಹೋಗಿ ತೊಂಬತ್ತೊಂಬತ್ತು ಬಂದರೆ ಆ ಒಂದು ಕುರಿ ಎಲ್ಲೋ ತಪ್ಪಿಸಿಕೊಂಡಿದೆ ಎಂದು ಗೊತ್ತಾಗುತ್ತದೆ.

ಆರ್‌ಸಿಸಿಬಿ ಮಾಡುವುದೂ ಇದನ್ನೇ. ಮನೆಯೊಳಗೆ ಹೋಗುವ ಫೇಸ್ ವೈರು, ವಾಪಸ್ ಬರುವ ನ್ಯೂಟ್ರಲ್ ವೈರು ಎರಡೂ ಅದರೊಳಗಿನ ಒಂದು ಬಳೆಯಂಥ ಕಬ್ಬಿಣದ ಉಂಗುರದ ಮೂಲಕ ಹಾದುಹೋಗುತ್ತವೆ. ಹೋದ ಕರೆಂಟು, ಬಂದ ಕರೆಂಟು ಸಮ ಇದ್ದರೆ ಎರಡರ ಕಾಂತಶಕ್ತಿ ಒಂದನ್ನೊಂದು ಅಳಿಸಿಹಾಕುತ್ತದೆ. ಸ್ವಲ್ಪ ಕರೆಂಟು ಬೇರೆ ದಾರಿಯಲ್ಲಿ, ಅಂದರೆ ಕೂಲರಿನ ತಗಡಿನಿಂದಲೋ ಮನುಷ್ಯನ ಮೈಯಿಂದಲೋ ನೆಲಕ್ಕೆ ಇಳಿದರೆ ಲೆಕ್ಕ ತಪ್ಪುತ್ತದೆ. ಉಂಗುರಕ್ಕೆ ಸುತ್ತಿದ ಇನ್ನೊಂದು ಸಣ್ಣ ತಂತಿಯಲ್ಲಿ ಆಗ ಕರೆಂಟು ಹುಟ್ಟಿ, ಅದು ಕೊಂಡಿಯನ್ನು ಬಿಡಿಸುತ್ತದೆ. ಮನೆಗೆಲ್ಲ ಕತ್ತಲೆ.

ಮನೆಗಳಿಗೆ ಹಾಕುವ ಆರ್‌ಸಿಸಿಬಿಯಲ್ಲಿ ಈ ವ್ಯತ್ಯಾಸದ ಮಿತಿ 30 ಮಿಲಿಆಂಪಿಯರ್. ಐಇಸಿ 61008 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದರ ಅರ್ಧ, ಅಂದರೆ 15 ಮಿಲಿಆಂಪಿಯರ್‌ವರೆಗೆ ಬೀಳಕೂಡದು. 30ಕ್ಕೆ ಬೀಳಲೇಬೇಕು, ಅದೂ 300 ಮಿಲಿಸೆಕೆಂಡಿನೊಳಗೆ. ಸೋರಿಕೆ ಐದು ಪಟ್ಟು, ಅಂದರೆ 150 ಮಿಲಿಆಂಪಿಯರ್ ಆದರೆ 40 ಮಿಲಿಸೆಕೆಂಡಿನೊಳಗೆ ಬೀಳಬೇಕು. ಕಣ್ಣು ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು.

30 ಮಿಲಿಆಂಪಿಯರ್ ಎಂದರೆ ಎಷ್ಟು? ಹತ್ತು ವ್ಯಾಟಿನ ಎಲ್‌ಇಡಿ ಬಲ್ಬು ಎಳೆಯುವುದು ಸುಮಾರು 45 ಮಿಲಿಆಂಪಿಯರ್. ಅದಕ್ಕಿಂತಲೂ ಕಡಿಮೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್ 1940ರ ದಶಕದಲ್ಲಿ ಸ್ವಯಂಸೇವಕರ ಮೇಲೆ ಪರೀಕ್ಷೆ ನಡೆಸಿ, ಹಿಡಿದ ತಂತಿಯನ್ನು ಕೈ ತಾನಾಗಿ ಬಿಡಬಲ್ಲ ಮಿತಿ ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ 10.5 ಎಂದು ಕಂಡುಕೊಂಡರು. ಅದಕ್ಕಿಂತ ಹೆಚ್ಚಾದರೆ ಕೈಯ ಸ್ನಾಯುಗಳು ಬಿಗಿದು ತಂತಿ ಬಿಡುವುದೇ ಇಲ್ಲ. "ಕರೆಂಟು ಹಿಡಿದುಕೊಂಡಿತು" ಎಂದು ಹಳ್ಳಿಯಲ್ಲಿ ಹೇಳುವುದು ಇದನ್ನೇ. ಒದ್ದೆ ಕೈ, ಬರಿಗಾಲು ಇದ್ದಾಗ ಮೈಯ ತಡೆ ಸಾವಿರ ಓಮ್ ಎಂದು ಹಿಡಿದರೆ, 230 ವೋಲ್ಟಿಗೆ 230 ಮಿಲಿಆಂಪಿಯರ್ ಹರಿಯುತ್ತದೆ. ಅದು ಕೆಲವು ಕ್ಷಣ ಎದೆಯ ಮೂಲಕ ಹಾದರೆ ಹೃದಯದ ಬಡಿತವೇ ತಾಳ ತಪ್ಪಿ ನಿಲ್ಲಬಹುದು.

ಆರ್‌ಸಿಸಿಬಿ ಇದ್ದರೆ ಶಾಕ್ ಹೊಡೆಯುವುದೇ ಇಲ್ಲ ಎಂಬ ಮಾತು ಅದಕ್ಕೇ ತಪ್ಪು. ಹೊಡೆಯುತ್ತದೆ, ಜೋರಾಗಿಯೇ ಹೊಡೆಯುತ್ತದೆ, ಆದರೆ ಹಿಡಿದುಕೊಳ್ಳುವಷ್ಟು ಹೊತ್ತು ಇರುವುದಿಲ್ಲ. ಇನ್ನೊಂದು ಸಂಗತಿ: ಚಪ್ಪಲಿ ಹಾಕಿಕೊಂಡು ಒಣ ಸ್ಟೂಲಿನ ಮೇಲೆ ನಿಂತು, ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಆರ್‌ಸಿಸಿಬಿ ಬೀಳುವುದಿಲ್ಲ. ನಿಮ್ಮ ಮೈಯಿಂದ ಹೋದ ಕರೆಂಟು ನ್ಯೂಟ್ರಲ್ ಮೂಲಕವೇ ವಾಪಸ್ ಬಂತಲ್ಲ, ಕುರಿಗಳ ಲೆಕ್ಕ ಸರಿಯಾಯಿತು. ಮಿಕ್ಸರಿಗೂ ಮನುಷ್ಯನಿಗೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ.

ಎಂಸಿಬಿ ಇದೆಯಲ್ಲ, ಸಾಲದೇ?

ಇದು ನನಗೆ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆ. ಸಾಲದು. ಯಾಕೆ ಸಾಲದು ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ, ನಮ್ಮ ಸೀಮೆಯ ನೆಲಕ್ಕೆ ಇದು ಮುಖ್ಯ.

ಎಂಸಿಬಿ ನೋಡುವುದು ಒಟ್ಟು ಎಷ್ಟು ಕರೆಂಟು ಹೋಯಿತು ಎಂಬುದನ್ನು. 16 ಆಂಪಿಯರಿನ ಎಂಸಿಬಿ 16ಕ್ಕಿಂತ ಹೆಚ್ಚಾದರೆ ಮಾತ್ರ ತಲೆ ಕೆಡಿಸಿಕೊಳ್ಳುತ್ತದೆ. ಈಗ ಕೂಲರಿನೊಳಗಿನ ಫೇಸ್ ವೈರು ತಗಡಿಗೆ ತಾಗಿದೆ ಎಂದುಕೊಳ್ಳಿ. ಮನೆಗೆ ಅರ್ಥಿಂಗ್ ಇದೆ, ಆದರೆ ಅಷ್ಟೇನೂ ಚೆನ್ನಾಗಿಲ್ಲ, ಅದರ ತಡೆ 20 ಓಮ್. 230 ವೋಲ್ಟನ್ನು 20ರಿಂದ ಭಾಗಿಸಿದರೆ 11.5 ಆಂಪಿಯರ್. ಎಂಸಿಬಿಯ ಕಣ್ಣಿಗೆ ಇದು ಒಂದು ದೊಡ್ಡ ಗೀಸರ್ ಇದ್ದಂತೆ, ಬೀಳುವುದೇ ಇಲ್ಲ. ಕೂಲರಿನ ಮೈಯಲ್ಲಿ ಕರೆಂಟು ಹಾಗೆಯೇ ಉಳಿಯುತ್ತದೆ, ದಿನಗಟ್ಟಲೆ ಉಳಿಯಬಹುದು. ಮೀಟರ್ ಮಾತ್ರ ಓಡುತ್ತದೆ.

ಇದೇ ಜಾಗದಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ? ತಗಡಿನ ಮೇಲಿನ ವೋಲ್ಟೇಜು 50 ದಾಟುವ ಮೊದಲೇ ಅದು ಬೀಳಬೇಕೆಂದರೆ ಅರ್ಥಿಂಗ್ ತಡೆ 1,667 ಓಮ್‌ವರೆಗೆ ಇದ್ದರೂ ಲೆಕ್ಕಕ್ಕೆ ಸಾಕು. ಅಷ್ಟು ಕೆಟ್ಟ ಅರ್ಥಿಂಗ್ ಇಟ್ಟುಕೊಳ್ಳಿ ಎಂದು ಹೇಳುತ್ತಿಲ್ಲ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಕಪ್ಪು ಎರೆಮಣ್ಣು ಹಸಿಯಿದ್ದಾಗ ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹೂತ ಪೈಪಿಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಕೂಲರ್ ಓಡುವ ತಿಂಗಳಲ್ಲೇ ಅರ್ಥಿಂಗ್ ಅತ್ಯಂತ ದುರ್ಬಲವಾಗಿರುತ್ತದೆ. ಆ ತಿಂಗಳುಗಳಲ್ಲಿ ಎಂಸಿಬಿಯೊಂದನ್ನೇ ನಂಬಿ ಕೂರುವುದು ಸರಿಯಲ್ಲ.

ತಿರುಗಿಸಿಯೂ ಹೇಳಬೇಕು. ಆರ್‌ಸಿಸಿಬಿ ಒಟ್ಟು ಕರೆಂಟನ್ನು ನೋಡುವುದಿಲ್ಲ, ವ್ಯತ್ಯಾಸವನ್ನಷ್ಟೇ ನೋಡುತ್ತದೆ. ವೈರು ಕಾದು ಕೆಂಪಾದರೂ, ಫೇಸ್ ಮತ್ತು ನ್ಯೂಟ್ರಲ್ ನೇರವಾಗಿ ಕೂಡಿ ಶಾರ್ಟ್ ಆದರೂ ಅದಕ್ಕೆ ಸಂಬಂಧವಿಲ್ಲ. ಆದ್ದರಿಂದ ಬೋರ್ಡಿನಲ್ಲಿ ಎರಡೂ ಬೇಕು. ಎರಡನ್ನೂ ಒಂದರಲ್ಲೇ ಸೇರಿಸಿದ್ದು ಆರ್‌ಸಿಬಿಒ, ಬೆಲೆ ಹೆಚ್ಚು.

ಇನ್ನು ಅರ್ಥಿಂಗ್ ಇಲ್ಲದ ಮನೆ. ಅಲ್ಲಿ ಕೂಲರಿನ ತಗಡಿಗೆ ಕರೆಂಟು ಬಂದರೂ ಅದಕ್ಕೆ ನೆಲಕ್ಕಿಳಿಯುವ ದಾರಿ ಇಲ್ಲ. ಆರ್‌ಸಿಸಿಬಿಗೆ ಗೊತ್ತಾಗುವುದೇ ಯಾರಾದರೂ ಬಂದು ಮುಟ್ಟಿದಾಗ. ಅಂದರೆ ಮುಟ್ಟಿದವರ ಮೈಯೇ ಅದಕ್ಕೆ ಟೆಸ್ಟರ್. ಅರ್ಥಿಂಗ್ ಇದ್ದರೆ ಯಾರೂ ಮುಟ್ಟುವ ಮೊದಲೇ, ಸ್ವಿಚ್ ಹಾಕಿದ ಕ್ಷಣವೇ ಬೀಳುತ್ತದೆ. ಫ್ರಿಜ್ಜು, ವಾಷಿಂಗ್ ಮಷೀನ್ ಮುಟ್ಟಿದರೆ ಚುರುಚುರು ಎನ್ನುತ್ತದೆ, ಆದರೆ ಆರ್‌ಸಿಸಿಬಿ ಬೀಳುವುದಿಲ್ಲ ಎನ್ನುವವರ ಮನೆಯಲ್ಲಿ ಹೆಚ್ಚಾಗಿ ಮೂರನೆಯ ಪಿನ್ನಿನ ವೈರು ಎಲ್ಲಿಗೂ ಹೋಗಿರುವುದಿಲ್ಲ.

ಹಾಗಾದರೆ ಸುಮ್ಮಸುಮ್ಮನೆ ಯಾಕೆ ಬೀಳುತ್ತದೆ?

ಸುಮ್ಮನೆ ಬೀಳುವುದು ಅಪರೂಪ. ಸಿಡಿಲು ಗುಡುಗಿನ ಹೊತ್ತಿಗೆ ಒಮ್ಮೆ ಬಿದ್ದು ಮತ್ತೆ ಎತ್ತಿದರೆ ನಿಲ್ಲುವುದುಂಟು, ಅದನ್ನು ಬಿಟ್ಟುಬಿಡಿ. ಉಳಿದ ಸಲ ಅದು ಏನನ್ನೋ ಹೇಳುತ್ತಿರುತ್ತದೆ. ಗೀಸರಿನ ಕಾಯಿಲ್ ಬಿರಿದು ಒಳಗೆ ನೀರು ಸೇರಿರುತ್ತದೆ, ಮಳೆಗಾಲದಲ್ಲಿ ಹೊರಗೋಡೆಯ ಸ್ವಿಚ್ ಬೋರ್ಡ್ ನೆಂದಿರುತ್ತದೆ, ಅಟ್ಟದಲ್ಲಿ ಇಲಿ ವೈರು ಕಡಿದಿರುತ್ತದೆ, ಬೋರಿನ ಮೋಟರಿನ ಕೇಬಲ್ ಜೋಡಣೆಯಲ್ಲಿ ಟೇಪು ಬಿಟ್ಟಿರುತ್ತದೆ.

ಇನ್ನೊಂದು ಕಾರಣ ನಮ್ಮ ಕಡೆ ಬಹಳ ಸಾಮಾನ್ಯ, ಹುಡುಕುವುದು ಕಷ್ಟ: ನ್ಯೂಟ್ರಲ್ ಕಲಬೆರಕೆ. ಮನೆ ಕಟ್ಟಿ ಎಷ್ಟೋ ವರ್ಷದ ಮೇಲೆ ಇನ್ವರ್ಟರ್ ಕೂಡಿಸುವಾಗ ಫೇಸ್ ಮಾತ್ರ ಬೇರೆ ಎಳೆದು, ನ್ಯೂಟ್ರಲನ್ನು ಹತ್ತಿರ ಸಿಕ್ಕ ಯಾವುದಕ್ಕೋ ಕಟ್ಟಿಬಿಡುತ್ತಾರೆ. ಕರೆಂಟು ಒಂದು ಬಾಗಿಲಿನಿಂದ ಹೋಗಿ ಇನ್ನೊಂದು ಬಾಗಿಲಿನಿಂದ ವಾಪಸ್ ಬರುತ್ತದೆ. ಒಂದೂ ಕುರಿ ಕಳೆದಿಲ್ಲ, ಆದರೆ ಒಂದೇ ಬಾಗಿಲಲ್ಲಿ ನಿಂತು ಎಣಿಸುವವನಿಗೆ ಲೆಕ್ಕ ಹತ್ತುವುದಿಲ್ಲ. ಎಷ್ಟು ಹೊಸ ಆರ್‌ಸಿಸಿಬಿ ತಂದು ಹಾಕಿದರೂ, ಎಲ್ಲಿಂದ ತಂದರೂ ಬೀಳುತ್ತಲೇ ಇರುತ್ತದೆ. ಆಗ ತಿದ್ದಬೇಕಾದದ್ದು ನ್ಯೂಟ್ರಲ್ ವೈರನ್ನು.

ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಕಡಿದಾಗ ಹಿತ್ತಲಲ್ಲಿ ಒಂದು ಸರಳು ಹೂತು ಅದನ್ನೇ ನ್ಯೂಟ್ರಲ್ ಮಾಡಿ ಬಲ್ಬು ಹಚ್ಚುವ ರೂಢಿ ಹಳ್ಳಿಗಳಲ್ಲಿದೆ. ಆರ್‌ಸಿಸಿಬಿ ಇರುವ ಮನೆಯಲ್ಲಿ ಇದನ್ನು ಮಾಡಿದರೆ ತಕ್ಷಣ ಬೀಳುತ್ತದೆ, ಬೀಳಲೇಬೇಕು. ಆ ಸರಳಿನ ಸುತ್ತಲಿನ ನೆಲದಲ್ಲೇ ಕರೆಂಟು ಹರಡಿರುತ್ತದೆ, ಎಮ್ಮೆ ಎತ್ತುಗಳು ಅಲ್ಲೇ ಓಡಾಡುತ್ತವೆ. ನ್ಯೂಟ್ರಲ್ ಹೋಗಿದೆ ಎಂದು ಅನುಮಾನ ಬಂದರೆ ಹೆಸ್ಕಾಂನ 1912 ಸಂಖ್ಯೆಗೆ ಫೋನ್ ಮಾಡುವುದೇ ದಾರಿ.

ದೋಷ ಎಲ್ಲಿದೆ ಎಂದು ಹುಡುಕುವ ಮೊದಲ ಹಂತವನ್ನು ಯಾರು ಬೇಕಾದರೂ ಮಾಡಬಹುದು, ಏನನ್ನೂ ಬಿಚ್ಚಬೇಕಿಲ್ಲ. ಎಲ್ಲ ಎಂಸಿಬಿಗಳನ್ನು ಕೆಳಗೆ ಮಾಡಿ ಆರ್‌ಸಿಸಿಬಿಯನ್ನು ಮೇಲೆತ್ತಿ. ನಿಂತಿತೇ? ಈಗ ಒಂದೊಂದೇ ಎಂಸಿಬಿ ಎತ್ತುತ್ತ ಬನ್ನಿ. ಯಾವುದನ್ನು ಎತ್ತಿದಾಗ ಬಿತ್ತೋ ದೋಷ ಆ ಸಾಲಿನಲ್ಲಿದೆ. ಆ ಸಾಲಿನ ಪ್ಲಗ್ಗುಗಳನ್ನೆಲ್ಲ ಕಿತ್ತು, ಒಂದೊಂದಾಗಿ ಹಾಕಿ ನೋಡಿದರೆ ಯಾವ ಯಂತ್ರ ಎನ್ನುವುದೂ ಸಿಗುತ್ತದೆ. ಎಲ್ಲ ಎಂಸಿಬಿ ಕೆಳಗಿದ್ದರೂ ಆರ್‌ಸಿಸಿಬಿ ನಿಲ್ಲದಿದ್ದರೆ ಗಾಬರಿಯಾಗಬೇಡಿ. ಸಾಮಾನ್ಯ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಕೂಡಿರುತ್ತದೆ. ನ್ಯೂಟ್ರಲ್ ಎಲ್ಲಾದರೂ ಅರ್ಥ್‌ಗೆ ತಾಗಿದ್ದರೂ ಹೀಗಾಗುತ್ತದೆ. ಎಲ್ಲ ಪ್ಲಗ್ಗುಗಳನ್ನು ಕಿತ್ತು ಮತ್ತೆ ಎತ್ತಿ ನೋಡಿ.

ಇಲ್ಲಿಂದ ಮುಂದಿನದು ವೈಯರ್‌ಮನ್ ಕೆಲಸ. ಮೇನ್ ಆಫ್ ಮಾಡಿ, ಆರ್‌ಸಿಸಿಬಿಯಿಂದ ಮನೆಯೊಳಗೆ ಹೋಗುವ ಎರಡೂ ವೈರು ಬಿಚ್ಚಿ, ಅದನ್ನು ಬರಿದಾಗಿ ಎತ್ತಿ ನೋಡುತ್ತಾರೆ. ಏನೂ ಕೂಡಿಸದಿದ್ದಾಗಲೂ ಬಿದ್ದರೆ, ಆಗ ಮಾತ್ರ ಅದು ಕೆಟ್ಟಿದೆ ಎನ್ನಬಹುದು. ಇಷ್ಟನ್ನು ಮಾಡದೆ "ಮಾಲು ಖರಾಬ್ ಐತ್ರಿ" ಎಂದವರಿಗೆ ದುಡ್ಡು ಕೊಡಬೇಡಿ.

ನಮ್ಮ ಮನೆಯಲ್ಲಿ ಸಿಕ್ಕಿದ್ದು ಎರಡು. ಕೂಲರಿನ ನೀರೆತ್ತುವ ಸಣ್ಣ ಪಂಪಿನ ವೈರು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸುಲಿದು ನೀರಿಗೆ ಬಿದ್ದಿತ್ತು. ಕೂಲರಿಗೆ ಕರೆಂಟು ಕೊಡುತ್ತಿದ್ದ ಸಾಕೆಟ್ಟಿನ ಮೂರನೆಯ ತೂತಿಗೆ ಹಸಿರು ವೈರೇ ಇರಲಿಲ್ಲ. ಕೂಲರ್ ಸುತ್ತಲಿನ ಒದ್ದೆ ಗಚ್ಚಿನಿಂದ ಕರೆಂಟು ಅಷ್ಟಿಷ್ಟು ನೆಲಕ್ಕೆ ಇಳಿಯುತ್ತಿತ್ತು, ನೀರು ಚೆಲ್ಲಿದ ದಿನ ಹೆಚ್ಚು ಇಳಿದು ಆರ್‌ಸಿಸಿಬಿ ಬೀಳುತ್ತಿತ್ತು. ಮೊದಲನೆಯದ್ದೂ ಇದನ್ನೇ ಹೇಳುತ್ತಿತ್ತು, ಮಸ್ಕತ್ತಿನದ್ದೂ ಇದನ್ನೇ ಹೇಳಿತು. ನಡುವಿನ ಹನ್ನೊಂದು ದಿನ ಹೇಳುವವರಿರಲಿಲ್ಲ. ಪಂಪಿನ ಬೆಲೆ ಕೆಲವು ನೂರು ರೂಪಾಯಿ.

ನಿಜವಾಗಿಯೂ ಬದಲಾಯಿಸಬೇಕಾದರೆ

ಆರ್‌ಸಿಸಿಬಿ ಕೆಡುವುದೇ ಇಲ್ಲ ಎಂದೇನೂ ಅಲ್ಲ. ಧೂಳು, ತೇವ, ವರ್ಷಗಟ್ಟಲೆ ಅಲ್ಲಾಡದೆ ಇದ್ದ ಒಳಗಿನ ಕೊಂಡಿ ಇವುಗಳಿಂದ ಅದು ಅಂಟಿಕೊಳ್ಳುತ್ತದೆ. ಅಂಟಿಕೊಂಡದ್ದು ಬೀಳುವುದಿಲ್ಲ, ಆದ್ದರಿಂದ ಯಾರಿಗೂ ತೊಂದರೆ ಕೊಡುವುದಿಲ್ಲ, ಆದ್ದರಿಂದ ಯಾರೂ ಬದಲಾಯಿಸುವುದೂ ಇಲ್ಲ. ಅದರ ಮೇಲಿನ 'ಟಿ' ಎಂಬ ಗುಂಡಿ ಇರುವುದು ಇದಕ್ಕಾಗಿಯೇ. ಒತ್ತಿದರೆ ಒಳಗೆ ಬೇಕೆಂದೇ ಸ್ವಲ್ಪ ಕರೆಂಟನ್ನು ಅಡ್ಡದಾರಿಯಲ್ಲಿ ಹರಿಸಿ ಲೆಕ್ಕ ತಪ್ಪಿಸುತ್ತದೆ, ತಕ್ಷಣ ಬೀಳಬೇಕು. ಕರೆಂಟು ಇದ್ದಾಗ ಒತ್ತಿಯೂ ಬೀಳದಿದ್ದರೆ ಅವತ್ತೇ ಬದಲಾಯಿಸಿ. ತಿಂಗಳಿಗೊಮ್ಮೆ ಒತ್ತುವುದು ಒಳ್ಳೆಯ ರೂಢಿ. ಈ ಗುಂಡಿ ನಿಮ್ಮ ಮನೆಯ ಅರ್ಥಿಂಗನ್ನು ಪರೀಕ್ಷಿಸುವುದಿಲ್ಲ ಎನ್ನುವುದೂ ನೆನಪಿರಲಿ, ಅರ್ಥಿಂಗ್ ಇಲ್ಲದ ಮನೆಯಲ್ಲೂ ಒತ್ತಿದರೆ ಬೀಳುತ್ತದೆ.

ಹೊಸದನ್ನು ತರುವಾಗ ಅಂಗಡಿಯಲ್ಲಿ ಒಂದು ಮಾತು ಕೇಳಿಬರುತ್ತದೆ: "ಇದು ತಗೋರಿ, ಇದು ಲಗೂನ ಬೀಳಂಗಿಲ್ಲ." ಆ ಡಬ್ಬಿಯ ಮೇಲೆ ನೋಡಿ, 100 ಅಥವಾ 300 ಮಿಲಿಆಂಪಿಯರ್ ಎಂದಿರುತ್ತದೆ. ಅವು ಸೋರಿಕೆಯಿಂದ ಬೆಂಕಿ ಹತ್ತದಿರಲಿ ಎಂದು ದೊಡ್ಡ ಕಟ್ಟಡ, ಕಾರ್ಖಾನೆಗಳಿಗೆ ಹಾಕುವಂಥವು. ಮನುಷ್ಯನ ಜೀವಕ್ಕೆ ಕಾವಲು 30ರದ್ದು ಮಾತ್ರ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೂ ಸಣ್ಣ ಸಂಪರ್ಕಗಳನ್ನು ಬಿಟ್ಟು, ಉಳಿದ ಮನೆಗಳಿಗೆ 30 ಮಿಲಿಆಂಪಿಯರ್ ಮೀರದ ಸೋರಿಕೆ ರಕ್ಷಣೆ ಬೇಕು ಎಂದಿದ್ದವು. ನನ್ನನ್ನು ಕೇಳಿದರೆ ಒಂದು ಬಲ್ಬು, ಒಂದು ಫ್ಯಾನು, ಒಂದು ನೀರು ಕಾಯಿಸುವ ಕಾಯಿಲ್ ಇರುವ ತಗಡಿನ ಮನೆಗೇ ಅದು ಎಲ್ಲರಿಗಿಂತ ಹೆಚ್ಚು ಬೇಕು. ಮನೆಯ ಗೋಡೆಯೇ ಕರೆಂಟು ಒಯ್ಯುವ ಕಬ್ಬಿಣ.

ಮುಂದೆ ನೋಡಬೇಕಾದದ್ದು ಆಂಪಿಯರ್. 25, 40, 63 ಹೀಗೆ ಇರುತ್ತದೆ, ಮೇನ್ ಎಂಸಿಬಿಯಷ್ಟು ಅಥವಾ ಅದಕ್ಕಿಂತ ಹೆಚ್ಚಿನದಿರಬೇಕು. ಸಿಂಗಲ್ ಫೇಸ್ ಮನೆಗೆ ಎರಡು ಪೋಲಿನದು, ತ್ರೀ ಫೇಸಿಗೆ ನಾಲ್ಕು ಪೋಲಿನದು. ಐಎಸ್‌ಐ ಗುರುತಿನ ಜೊತೆ ಐಎಸ್ 12640 ಎಂದು ಇರಬೇಕು. ಅದರ ಕೆಳಗಿನ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಗೆ ಕೊಟ್ಟದ್ದು, ಚಾಲ್ತಿಯಲ್ಲಿದೆಯೇ ಎಂದು ಕಾಣುತ್ತದೆ. ಫಾರ್ವರ್ಡ್ ಓದುವ ಅದೇ ಫೋನಿನಲ್ಲಿ ಎರಡು ನಿಮಿಷದ ಕೆಲಸ.

ಕೊನೆಯದು ಬಗೆ. 'ಎಸಿ' ಬಗೆಯದು ನೇರವಾದ ಅಲೆಯ ಸೋರಿಕೆಯನ್ನಷ್ಟೇ ಗುರುತಿಸುತ್ತದೆ. ಇನ್ವರ್ಟರ್ ಎಸಿ, ಈಚಿನ ವಾಷಿಂಗ್ ಮಷೀನ್, ಚಾರ್ಜರುಗಳ ಒಳಗೆ ಎಲೆಕ್ಟ್ರಾನಿಕ್ಸ್ ಇದ್ದು, ಅಲ್ಲಿಂದ ಸೋರುವ ಕರೆಂಟಿನ ಅಲೆ ಅರ್ಧ ಕತ್ತರಿಸಿದಂತಿರುತ್ತದೆ. ಅದನ್ನೂ ಗುರುತಿಸುವುದು 'ಎ' ಬಗೆ. ಬೆಲೆ ಸ್ವಲ್ಪ ಹೆಚ್ಚಾದರೂ ಹೊಸದಾಗಿ ಹಾಕುವವರು 'ಎ' ಬಗೆಯನ್ನೇ ಹಾಕಿಸುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಕೂಡಿಸುವಾಗ ಒಂದು ಎಚ್ಚರಿಕೆ: ನ್ಯೂಟ್ರಲ್ ವೈರಿನ ಜಾಗ ಕೆಲವು ಕಂಪನಿಗಳಲ್ಲಿ ಎಡಕ್ಕೆ, ಕೆಲವದರಲ್ಲಿ ಬಲಕ್ಕೆ. ಹಳೆಯದು ಹೇಗಿತ್ತೋ ಹಾಗೆ ಎಂದು ಕಣ್ಣು ಮುಚ್ಚಿ ಕೂಡಿಸಬಾರದು, 'ಎನ್' ಎಂದು ಬರೆದ ತಿರುಪಿಗೇ ನ್ಯೂಟ್ರಲ್ ಹೋಗಬೇಕು.

ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ

ಈಗ ಫಾರ್ವರ್ಡಿನ ಮುಖ್ಯ ಮಾತಿಗೆ ಬರೋಣ. ಹೊರದೇಶದ್ದು ಉತ್ತಮವೇ? ಇಲ್ಲಿನ ಐಎಸ್ 12640 ರೂಪುಗೊಂಡಿರುವುದೇ ಐಇಸಿ 61008ರ ಮೇಲೆ. ಒಮಾನ್, ಕತಾರ್, ಕುವೈತ್‌ಗಳಲ್ಲಿ 240 ವೋಲ್ಟು, 50 ಹರ್ಟ್ಜ್. ನಮ್ಮದು 230, 50 ಹರ್ಟ್ಜ್. ಅಲ್ಲಿ ಮಾರುವ ಅಸಲಿ ಮಾಲು ಇಲ್ಲಿ ಕೆಲಸ ಮಾಡುತ್ತದೆ, ಇಲ್ಲಿನ ಅಸಲಿ ಮಾಲಿಗಿಂತ ಹೆಚ್ಚಿನದೇನನ್ನೂ ಮಾಡುವುದಿಲ್ಲ. ಕೆಟ್ಟರೆ ಗ್ಯಾರಂಟಿ ಕೇಳಲು ಮಸ್ಕತ್‌ಗೇ ಹೋಗಬೇಕು, ಅಷ್ಟೇ ವ್ಯತ್ಯಾಸ. ಸೌದಿಯಲ್ಲಿ 60 ಹರ್ಟ್ಜ್, ಹಾಗಾಗಿ ಅಲ್ಲಿಂದ ತರುವವರು ಮೇಲೆ 50/60 ಎಂದು ಬರೆದಿದೆಯೇ ನೋಡಬೇಕು.

ಅಮೆರಿಕದ್ದು ಮಾತ್ರ ಬೇಡವೇ ಬೇಡ. ಅಲ್ಲಿ ಮನೆಯ ಸಾಕೆಟ್ಟುಗಳಿಗೆ 120 ವೋಲ್ಟು, 60 ಹರ್ಟ್ಜ್. ಅಲ್ಲಿನವರು ಜಿಎಫ್‌ಸಿಐ ಎಂದು ಕರೆಯುವ ಸಾಧನ ಹೆಚ್ಚಾಗಿ ಬಚ್ಚಲುಮನೆ, ಅಡುಗೆಮನೆಯ ಸಾಕೆಟ್ಟಿನಲ್ಲೇ ಇರುತ್ತದೆ, ಸುಮಾರು 5 ಮಿಲಿಆಂಪಿಯರಿಗೇ ಬೀಳುತ್ತದೆ. ಬೋರ್ಡಿನೊಳಗೆ ಹಾಕುವ ಅಲ್ಲಿನ ಬ್ರೇಕರು ನಮ್ಮ 35 ಮಿಲಿಮೀಟರಿನ ಪಟ್ಟಿಗೆ ಕೂರುವುದೂ ಇಲ್ಲ.

ಉಲ್ಟಾ ಪ್ರಶ್ನೆಯೂ ಬರುತ್ತದೆ. ಅಲ್ಲಿ ಮನೆ ಮಾಡಿರುವವರು "ಇಲ್ಲಿ ತುಟ್ಟಿ, ಬರುವಾಗ ವಿಜಯಪುರದಿಂದಲೋ ಸೊಲ್ಲಾಪುರದಿಂದಲೋ ಒಂದು ತಂದುಬಿಡಿ" ಎನ್ನುತ್ತಾರೆ. ಬೇಡ. ಇಂಗ್ಲೆಂಡಿನಲ್ಲಿ ಇದನ್ನು ಆರ್‌ಸಿಡಿ ಎನ್ನುತ್ತಾರೆ, ಜರ್ಮನಿಯಲ್ಲಿ ಎಫ್‌ಐ, ಆಸ್ಟ್ರೇಲಿಯಾದಲ್ಲಿ ಸೇಫ್ಟಿ ಸ್ವಿಚ್, ಗಲ್ಫಿನ ಹಳೆಯ ಕಟ್ಟಡಗಳಲ್ಲಿ ಇನ್ನೂ ಇಎಲ್‌ಸಿಬಿ. ಕೆಲಸ ಒಂದೇ, ನಿಯಮ ಬೇರೆ. ಜರ್ಮನಿಯಲ್ಲಿ 'ಎಸಿ' ಬಗೆಯದನ್ನು ಮನೆಗಳಿಗೆ ಒಪ್ಪುವುದಿಲ್ಲ, ನಮ್ಮ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಅದೇ. ಆಸ್ಟ್ರೇಲಿಯಾದಲ್ಲಿ ಲೈಸೆನ್ಸ್ ಇಲ್ಲದವರು ಮನೆಯ ವೈರಿಂಗ್ ಮುಟ್ಟುವುದೇ ಅಪರಾಧ. ಒಂದು ಕಂಪನಿಯ ಬೋರ್ಡಿಗೆ ಇನ್ನೊಂದು ಕಂಪನಿಯದ್ದು ಕೂಡಿಸಿದರೆ ಒಳಗಿನ ತಾಮ್ರದ ಪಟ್ಟಿ ಸರಿಯಾಗಿ ಹೊಂದದೆ ಕಾಯಬಹುದು ಎಂದು ತಯಾರಕರೇ ಎಚ್ಚರಿಸುತ್ತಾರೆ. ಬಾಡಿಗೆ ಮನೆಯಾದರೆ ಮಾಲೀಕರಿಗೋ ಕಟ್ಟಡದ ಮೇಂಟೆನೆನ್ಸಿನವರಿಗೋ ಹೇಳಿ ಸುಮ್ಮನಿರಿ. ಸ್ವಂತ ಮನೆಯಾದರೆ ಹಳೆಯದರ ಮುಖದ ಫೋಟೋ ತೆಗೆದುಕೊಂಡು ಅಲ್ಲಿನ ಎಲೆಕ್ಟ್ರಿಷಿಯನ್ ಬಳಿ ಹೋಗಿ. ಪೋಲು, ಆಂಪಿಯರ್, ಮಿಲಿಆಂಪಿಯರ್, ಬಗೆ, ಕಂಪನಿ ಐದೂ ಆ ಫೋಟೋದಲ್ಲೇ ಇರುತ್ತವೆ.

ಊರಿನ ಮನೆಯನ್ನು ದೂರದಿಂದ ನೋಡಿಕೊಳ್ಳುವವರಿಗೂ ಇದೇ ಉಪಾಯ. ತಮ್ಮ ಈಗ ಬೋರ್ಡಿನ ಫೋಟೋ ಫೋನಿನಲ್ಲಿಟ್ಟುಕೊಂಡಿದ್ದಾನೆ, ಯಾವ ಎಂಸಿಬಿ ಯಾವ ಕೋಣೆಯದು ಎಂದು ಪ್ರತಿಯೊಂದರ ಕೆಳಗೂ ಕನ್ನಡದಲ್ಲಿ ಚೀಟಿ ಅಂಟಿಸಿ ಹೋಗಿದ್ದಾನೆ. ತಿಂಗಳ ಮೊದಲ ಶುಕ್ರವಾರ ಅವನಿಗೆ ರಜೆ, ಅವತ್ತು ವಿಡಿಯೋ ಕಾಲ್. "ಅವ್ವಾ, ಗುಂಡಿ ಒತ್ತು." "ಒತ್ತೀನಪಾ, ಫ್ಯಾನ್ ನಿಂತ್ವು." "ಹಾಂ, ಎತ್ತು ಮತ್ತ."

ಬಿಚ್ಚಿ ತೆಗೆದ ಹಳೆಯದನ್ನು ಇನ್ನೊಬ್ಬ ವೈಯರ್‌ಮನ್‌ಗೆ ತೋರಿಸಿದೆ. ಯಂತ್ರ ಹಚ್ಚಿ ನೋಡಿದರು, 24 ಮಿಲಿಆಂಪಿಯರಿಗೆ ಬಿತ್ತು. ಏನೂ ಆಗಿರಲಿಲ್ಲ ಅದಕ್ಕೆ. ಈಗ ಅದು ವಿಜಯಪುರದಲ್ಲಿ ನನ್ನ ಬಾಡಿಗೆ ಮನೆಯ ಬೋರ್ಡಿನಲ್ಲಿದೆ; ಇಲ್ಲಿ ಮೊದಲು ಯಾವುದೂ ಇರಲಿಲ್ಲ.